ಪರದೇಶಿಯ ಮುಖ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದು ಒಂದು. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಇನ್ನೊಂದು. ಊರು ಬಿಟ್ಟವನು ತನ್ನವರನ್ನೂ ಬಿಟ್ಟಂತೆಯೇ ಸರಿ. ಹೊಸ ಊರಿನಲ್ಲಿ ಅವನ ಮಾತಿಗೆ ಕಿವಿಗೊಡುವವರಾಗಲಿ, ಅವನ ಮುಖವನ್ನು ಕಂಡು ಗುರುತು ಹಿಡಿಯುವವರಾಗಲಿ ಸುಲಭವಾಗಿ ದೊರೆಯುವುದಿಲ್ಲ. ನಮ್ಮ ಹಿರಿಯರು ಇದನ್ನು ಕಣ್ಣಾರೆ ಕಂಡೇ ಒಂದು ಮಾತಿನಲ್ಲಿ ಎರಡು ಅರ್ಥಗಳನ್ನು ಕಟ್ಟಿಟ್ಟರೆಂದು ತೋರುತ್ತದೆ.

ಪರದೇಶಿಗಳ ಬಾಳನ್ನು ಈ ಕಾಲದ ಯಂತ್ರಗಳ ಮೂಲಕ ತೋರಿಸುವ ಒಂದು ಹೊಸ ಬಗೆಯ ಕಲೆ ಕೆಲವು ದಶಕಗಳಿಂದ ಲೋಕದಲ್ಲಿ ಬೆಳೆದು ಬಂದಿರುತ್ತದೆ. ಈ ತಿಂಗಳು ನಾವು ವಾಚಕರೊಡನೆ ಅದರ ವಿಚಾರವಾಗಿ ಮಾತನಾಡಬೇಕೆಂದಿದ್ದೇವೆ. ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಇಷ್ಟು ದೂರದ ವಿಷಯವೇಕೆಂದು ಯಾರಾದರೂ ಕೇಳಿದರೆ ತಪ್ಪೇನೂ ಇಲ್ಲ. ಆದರೆ ವಿಷಯ ಅಷ್ಟು ದೂರದ್ದಲ್ಲ. ಹುಟ್ಟಿದ ದೇಶವನ್ನು ಬಿಟ್ಟು ಬೇರೆ ದೇಶದಲ್ಲಿ ನೆಲೆಸಿರುವವರು ಸುಮಾರು 30.4 ಕೋಟಿ ಎಂದು ವಿಶ್ವಸಂಸ್ಥೆಯು 2024ರಲ್ಲಿ ಅಂದಾಜು ಮಾಡಿತು. ನಮ್ಮ ದೇಶದೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ವಲಸೆ ಬಂದವರು 2011ರ ಜನಗಣತಿಯ ಪ್ರಕಾರ 45 ಕೋಟಿಗೂ ಮಿಕ್ಕಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು; ಅವರು ಊರು ಬಿಟ್ಟುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ವಿವಾಹ. ಹಾಗೆ ನೋಡಿದರೆ ನಮ್ಮ ನಿಮ್ಮ ಮನೆಗಳಲ್ಲಿ ತವರು ಬಿಟ್ಟು ಬಂದ ಅಜ್ಜಿ, ತಾಯಿ, ಸೊಸೆ ಎಲ್ಲರೂ ಈ ಲೆಕ್ಕದೊಳಗಿನವರೇ. ಪರದೇಶಿಯ ವಿಚಾರ ನಮ್ಮ ಅಡಿಗೆಮನೆಯಿಂದಲೇ ಆರಂಭವಾಗುತ್ತದೆಂದರೆ ಅತಿಶಯೋಕ್ತಿಯಲ್ಲ.

ಇಟಲಿಯ ವೆನಿಸ್ ನಗರದಲ್ಲಿ 1895ರಿಂದ ನಡೆದುಬಂದಿರುವ ಒಂದು ಹೆಸರಾಂತ ಕಲಾಪ್ರದರ್ಶನವುಂಟು. 2024ರಲ್ಲಿ ಅದರ 60ನೆಯ ಆವೃತ್ತಿಗೆ ಇಟ್ಟ ಹೆಸರು ‘ಎಲ್ಲೆಲ್ಲೂ ಪರದೇಶಿಗಳು’ ಎಂದು. ಕ್ಲೇರ್ ಫಾಂಟೇನ್ ಎಂಬ ಹೆಸರಿನ ಕಲಾವಿದರ ಜೋಡಿಯೊಂದು ಇದೇ ಮಾತನ್ನು ನಾನಾ ಭಾಷೆಗಳಲ್ಲಿ, ಬಣ್ಣದ ನಿಯಾನ್ ದೀಪದ ನಳಿಕೆಗಳಿಂದ ಬರೆದು ತೂಗುಹಾಕುತ್ತ ಬಂದಿತ್ತು. ಹೆಸರು ಅಲ್ಲಿಂದ ಬಂದುದು. ಈ ಮಾತಿಗೂ ಎರಡು ಅರ್ಥಗಳುಂಟು. ನೀನು ಎಲ್ಲಿಗೆ ಹೋದರೂ ಅಲ್ಲಿ ಪರದೇಶಿಗಳಿರುವರು ಎಂಬುದು ಒಂದಾದರೆ, ನೀನು ಎಲ್ಲಿಗೆ ಹೋದರೂ ಅಲ್ಲಿ ನೀನೇ ಪರದೇಶಿ ಎಂಬುದು ಮತ್ತೊಂದು.

ಕ್ಯಾಮರಾ, ಧ್ವನಿವರ್ಧಕ, ಮೊಬೈಲ್ ಫೋನು ಇವುಗಳಿಂದ ಮಾಡಿದ್ದು ಕಲೆಯಾದೀತೆ ಎಂಬ ಸಂದೇಹವು ಕೆಲವರಿಗೆ ಬರಬಹುದು. ಅಂಥವರು ನಮ್ಮ ತೊಗಲುಗೊಂಬೆಯ ಆಟವನ್ನು ನೆನೆಯಬೇಕು. ತೊಗಲನ್ನು ಹದಮಾಡಿ, ಕೊರೆದು, ಬಣ್ಣವಿಟ್ಟು, ಬಿಳಿಯ ಪರದೆಯ ಹಿಂದೆ ದೀಪ ಹಚ್ಚಿ, ಬೆಳಕಿನ ಮೂಲಕ ಚಿತ್ರವನ್ನು ಚಲಿಸುವಂತೆ ಮಾಡಿದ ಕಿಳ್ಳೇಕ್ಯಾತರ ಕೈಯಲ್ಲಿದ್ದುದು ಆ ಕಾಲದ ಯಂತ್ರವೇ ಅಲ್ಲವೆ? ಗೊಂಬೆಯ ಪೆಟ್ಟಿಗೆಯನ್ನು ಹೊತ್ತು ಊರಿಂದ ಊರಿಗೆ ಅಲೆದ ಅವರು ಸಹ ಒಂದು ಬಗೆಯ ಪರದೇಶಿಗಳೇ. ಆದಕಾರಣ ಯಂತ್ರವುಂಟು ಎಂದ ಮಾತ್ರಕ್ಕೆ ಕಲೆಯಲ್ಲವೆನ್ನಲಾಗದು. ಯಂತ್ರವು ಅದ್ಭುತವಾಗಿದೆ ಎಂದ ಮಾತ್ರಕ್ಕೆ ಕಲೆಯೆನ್ನಲೂ ಆಗದು. ಈ ಜಾತಿಯ ಕೃತಿಗಳನ್ನು ಅಳೆಯುವಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಂತ್ರದ ಎದುರಿಗೆ ನಿಂತ ಪರದೇಶಿಗೆ ತನ್ನ ಮಾತನ್ನು ತಾನೇ ಆಡಲು ಎಡೆ ಸಿಕ್ಕಿತೇ?

ಈ ಪ್ರಶ್ನೆ ಏಕೆ ಹುಟ್ಟುವುದೆಂದರೆ, ಯಂತ್ರಗಳು ಪರದೇಶಿಗೆ ಹೊಸತಲ್ಲ. ಗಡಿಯನ್ನು ದಾಟುವವನನ್ನು ಮೊದಲು ಎದುರುಗೊಳ್ಳುವುದೇ ಯಂತ್ರ. ಅದು ಬೆರಳಿನ ಗುರುತನ್ನು ತೆಗೆದುಕೊಳ್ಳುವುದು, ಮುಖವನ್ನು ಅಳೆಯುವುದು, ಕತ್ತಲೆಯಲ್ಲಿಯೂ ಅವನ ಸುಳಿವನ್ನು ಹಿಡಿಯುವುದು. ಅದು ಅವನನ್ನು ಚೆನ್ನಾಗಿ ನೋಡಬಲ್ಲುದು. ಆದರೆ ಅವನ ಕಥೆಯನ್ನು ಕೇಳಲಾರದು.

ಐರ್ಲೆಂಡಿನ ರಿಚರ್ಡ್ ಮಾಸ್ ಎಂಬ ಛಾಯಾಗ್ರಾಹಕರು ಇಂಥ ಒಂದು ಯಂತ್ರವನ್ನೇ ಕೈಗೆತ್ತಿಕೊಂಡರು. ಅದು ಸೈನ್ಯಕ್ಕಾಗಿಯೂ ಗಡಿ ಕಾವಲಿಗಾಗಿಯೂ ತಯಾರಿಸಿದ ಕ್ಯಾಮರಾ. ಬೆಳಕಿನಿಂದಲ್ಲದೆ ವಸ್ತುಗಳ ಶಾಖದಿಂದ ಚಿತ್ರ ತೆಗೆಯುವಂಥದು. 30 ಕಿಲೋಮೀಟರಿನಾಚೆ ಇರುವ ಮನುಷ್ಯನ ಮೈಯ ಬಿಸಿಯನ್ನೂ ಕಂಡುಹಿಡಿಯಬಲ್ಲುದು. ಸಮುದ್ರ ದಾಟಿ ಯೂರೋಪಿಗೆ ಬರುತ್ತಿದ್ದವರನ್ನೂ ನಿರಾಶ್ರಿತರ ಶಿಬಿರಗಳನ್ನೂ ಅದರಿಂದ ಚಿತ್ರಿಸಿ, ಮೂರು ದೊಡ್ಡ ಪರದೆಗಳ ಮೇಲೆ ಓಡುವ 52 ನಿಮಿಷಗಳ ಒಂದು ಕೃತಿಯನ್ನು 2017ರಲ್ಲಿ ಅವರು ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಲ್ಲಿ ಪ್ರದರ್ಶಿಸಿದರು. ‘ಇನ್‌ಕಮಿಂಗ್’ ಎಂದು ಅದರ ಹೆಸರು. ಶಾಖದ ಚಿತ್ರದಲ್ಲಿ ಮೈಬಣ್ಣ ತಿಳಿಯುವುದಿಲ್ಲ; ಕರಿಯ, ಬಿಳಿಯ ಎಂಬ ಭೇದವೇ ಇಲ್ಲ. ಮನುಷ್ಯನು ಒಂದು ಬಿಸಿಯಾದ ಹೊಳಪು ಮಾತ್ರ. ತಣ್ಣನೆಯ ಕಡಲಿನಿಂದ ಎತ್ತಿದವನ ಬೆನ್ನಿನ ಮೇಲೆ ರಕ್ಷಿಸಿದವನ ಅಂಗೈ ಊರಿದರೆ ಅದರ ಬಿಸಿ ಗುರುತಾಗಿ ಉಳಿಯುವಂಥ ಯಂತ್ರವದು. ಅದೇ ಚಿತ್ರದಲ್ಲಿ ಮುಖ ಮಾತ್ರ ಕರಗಿಹೋಗಿರುತ್ತದೆ. ಮನುಷ್ಯರನ್ನು ಹೀಗೆ ಭೂತಗಳಂತೆ ತೋರಿಸಬಹುದೇ ಎಂದು ಕೆಲವು ವಿಮರ್ಶಕರು ಆಕ್ಷೇಪಿಸಿದರು. ಗಡಿ ಕಾಯುವ ಯಂತ್ರದ ಕಣ್ಣಿಗೆ ಮನುಷ್ಯನು ಹೇಗೆ ಕಾಣುವನೆಂಬುದನ್ನು ನಾವು ನೋಡಿ ನಾಚಬೇಕೆಂದೇ ಮಾಸ್ ಅವರ ಉದ್ದೇಶವೆಂದು ಸಮರ್ಥಿಸುವವರೂ ಉಂಟು. ಎರಡು ಮಾತಿನಲ್ಲಿಯೂ ಸತ್ಯವಿದೆ. ಆದರೆ ನಮ್ಮ ಪ್ರಶ್ನೆಯನ್ನು ಹಾಕಿದರೆ ಉತ್ತರ ಸ್ಪಷ್ಟ: ಈ ಕೃತಿಯಲ್ಲಿ ಪರದೇಶಿಯು ಕಾಣುವನು, ಮಾತನಾಡನು.

ಅದೇ 2017ರಲ್ಲಿ ಮೆಕ್ಸಿಕೊದ ಪ್ರಸಿದ್ಧ ಚಲನಚಿತ್ರ ನಿರ್ದೇಶಕರಾದ ಅಲೆಹಾಂಡ್ರೊ ಗೊನ್ಸಾಲೆಸ್ ಇನ್ಯಾರಿಟು ಬೇರೊಂದು ದಾರಿ ಹಿಡಿದರು. ಅವರ ‘ಕಾರ್ನೆ ಇ ಅರೇನಾ’ ಎಂಬ ಕೃತಿಯ ಹೆಸರಿಗೆ ಮಾಂಸ ಮತ್ತು ಮರಳು ಎಂದರ್ಥ. ಅದನ್ನು ಒಮ್ಮೆಗೆ ಒಬ್ಬರೇ ನೋಡಬೇಕು. ನೋಡಲು ಬಂದವನು ಮೊದಲು ಒಂದು ಕೊರೆಯುವ ಚಳಿಯ ಕೋಣೆಯಲ್ಲಿ ಪಾದರಕ್ಷೆ ಕಳಚಿ ಕಾಯಬೇಕು; ಅಮೆರಿಕದ ಗಡಿಯಲ್ಲಿ ಹಿಡಿದವರನ್ನು ಕೂಡಿಡುವ ಕೋಣೆಗಳ ಮಾದರಿಯದು. ಮರಳುಗಾಡಿನಲ್ಲಿ ಸಿಕ್ಕಿದ, ಯಾರೋ ಬಿಟ್ಟುಹೋದ ಪಾದರಕ್ಷೆಗಳನ್ನು ಅಲ್ಲಿ ಇಟ್ಟಿರುವರು. ಬಳಿಕ ಬರಿಗಾಲಿನಲ್ಲಿ ಮರಳು ಹಾಸಿದ ಕತ್ತಲೆಯ ಅಂಗಳಕ್ಕೆ ಹೋದರೆ, ಕಣ್ಣಿಗೆ ಕಟ್ಟುವ ಒಂದು ಯಂತ್ರದಿಂದ ಸುತ್ತಲೂ ಮರುಭೂಮಿ ಮೂಡುತ್ತದೆ. ದಣಿದ ಗಂಡಸರು, ಹೆಂಗಸರು, ಮಕ್ಕಳು ನಡೆದುಬರುವರು. ಮೇಲೆ ಹೆಲಿಕಾಪ್ಟರು ಮೊರೆಯುವುದು. ಗಡಿಯ ಪೊಲೀಸರು ಬಂದೂಕು ಚಾಚುವರು. ನೋಡುವವನು ಆ ಆಕೃತಿಗಳೊಳಕ್ಕೆ ಕಾಲಿಟ್ಟರೆ ಮಿಡಿಯುವ ಹೃದಯವೊಂದು ಕಾಣಿಸುವುದು. ಇದೆಲ್ಲವೂ ಆರೂವರೆ ನಿಮಿಷಗಳಷ್ಟೆ. ಮೆಕ್ಸಿಕೊದಿಂದಲೂ ಮಧ್ಯ ಅಮೆರಿಕದಿಂದಲೂ ಗಡಿ ದಾಟಿ ಬಂದವರ ನಿಜವಾದ ವೃತ್ತಾಂತಗಳಿಂದ ಇದನ್ನು ಕಟ್ಟಿದರು. ಕೊನೆಯ ಕೋಣೆಯಲ್ಲಿ ಅವರ ಮುಖಗಳನ್ನೂ ಅವರು ಹೇಳಿದ ಮಾತುಗಳನ್ನೂ ಇರಿಸಿದರು. ಅಮೆರಿಕದ ಚಲನಚಿತ್ರ ಅಕಾಡೆಮಿಯು ಆ ವರ್ಷವೇ ಇದಕ್ಕೆ ವಿಶೇಷ ಆಸ್ಕರ್ ಪ್ರಶಸ್ತಿಯನ್ನಿತ್ತಿತು.

ಈ ಕೃತಿಯನ್ನು ಕಂಡು ಕಣ್ಣೀರಿಟ್ಟವರು ಅನೇಕರು. ಕಣ್ಣೀರನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೂ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಆರೂವರೆ ನಿಮಿಷ ಮರಳಿನಲ್ಲಿ ನಿಂತವನು ಹೊರಗೆ ಬಂದು ಮತ್ತೆ ಪಾದರಕ್ಷೆ ಮೆಟ್ಟಿಕೊಳ್ಳುವನು. ಪರದೇಶಿಯ ಕಷ್ಟವು ತನಗೆ ತಿಳಿದುಹೋಯಿತೆಂಬ ಭ್ರಮೆ ಅವನಿಗೆ ಹುಟ್ಟಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಏಕಾದಶಿಯ ಉಪವಾಸವಿದ್ದವನು ಬರಗಾಲದ ಹಸಿವು ನನಗೆ ಗೊತ್ತು ಎಂದರೆ ಯಾರು ಒಪ್ಪುವರು? ಆ ಕೃತಿಯಲ್ಲಿ ನಮಗೆ ಬಹಳ ಬೆಲೆಯುಳ್ಳದ್ದಾಗಿ ತೋರುವುದು ಹೆಲಿಕಾಪ್ಟರಿನ ಮೊರೆತವಲ್ಲ, ಕೊನೆಯ ಕೋಣೆ. ಅಲ್ಲಿ ನೋಡುವವನು ತನ್ನ ಅನುಭವವನ್ನು ಬದಿಗಿಟ್ಟು ಇನ್ನೊಬ್ಬರ ಮಾತಿಗೆ ಕಿವಿಗೊಡಬೇಕಾಗುತ್ತದೆ.

ಈ ಕಿವಿಗೊಡುವ ಕೆಲಸಕ್ಕಾಗಿಯೇ ಯಂತ್ರಗಳನ್ನು ಕಲ್ಪಿಸಿದವರು ಕ್ರಿಷ್ಟೋಫ್ ವೊಡಿಚ್ಕೊ. ಇವರು 1943ರಲ್ಲಿ, ಯುದ್ಧದ ನಡುವೆ, ಪೋಲೆಂಡಿನ ವಾರ್ಸಾ ನಗರದಲ್ಲಿ ಹುಟ್ಟಿದವರು. 1977ರಲ್ಲಿ ಕೆನಡಾಕ್ಕೆ ವಲಸೆ ಹೋದವರು. ತಾವೇ ಪರದೇಶಿಯಾಗಿ ಬಾಳಿದವರು. 1992ರಲ್ಲಿ ಸ್ಪೇನಿನ ಬಾರ್ಸೆಲೋನಾದಲ್ಲಿ ಅವರು ಒಂದು ವಿಚಿತ್ರವಾದ ಊರೆಗೋಲನ್ನು ವಲಸಿಗರ ಕೈಗೆ ಕೊಟ್ಟರು. ಕುರುಬನ ಕೋಲಿನಂತೆ, ಯತಿಗಳ ದಂಡದಂತೆ ನೆಟ್ಟಗಿದ್ದ ಆ ಕೋಲಿನ ತುದಿಯಲ್ಲಿ ಪುಟ್ಟದೊಂದು ವಿಡಿಯೋ ಪರದೆ, ಪುಟ್ಟದೊಂದು ಧ್ವನಿವರ್ಧಕ. ಕೋಲನ್ನು ಹಿಡಿದವನ ಮುಖವೇ ಆ ಪರದೆಯ ಮೇಲೆ ಕಾಣಿಸಿ, ತಾನು ಬಂದ ಬಗೆಯನ್ನು ಹೇಳುತ್ತಿರುವುದು. ಮುಂದೆ ಮಾಡಿದ ಕೋಲಿನಲ್ಲಿ ಪಾರದರ್ಶಕವಾದ ಸಣ್ಣ ಡಬ್ಬಿಗಳನ್ನೂ ಜೋಡಿಸಿದರು. ಅವುಗಳಲ್ಲಿ ತಿರಸ್ಕೃತವಾದ ಅರ್ಜಿ, ಹಳೆಯ ಗುರುತಿನ ಚೀಟಿ, ಭಾವಚಿತ್ರ ಇಂಥವುಗಳನ್ನು ದೇವರ ಪೆಟ್ಟಿಗೆಯಲ್ಲಿಟ್ಟಂತೆ ಇರಿಸಿದ್ದರು.

ಈ ಯಂತ್ರದ ಜಾಣತನವಿರುವುದು ಅದರ ಸಣ್ಣತನದಲ್ಲಿ. ಪರದೆಯು ಪುಟ್ಟದಾದುದರಿಂದ ದೂರದಿಂದ ಏನೂ ಕಾಣದು. ದಾರಿಹೋಕನು ಕುತೂಹಲದಿಂದ ಹತ್ತಿರ ಬರಲೇಬೇಕು. ಬಂದು ಪರದೆಯ ಮುಖವನ್ನು ನೋಡುವನು, ಕೋಲು ಹಿಡಿದವನ ಮುಖವನ್ನು ನೋಡುವನು, ಇಬ್ಬರೂ ಒಬ್ಬರೇ ಎಂದು ಹೊಳೆದಾಗ ನಕ್ಕು ಮಾತಿಗಾರಂಭಿಸುವನು. ಸಾಮಾನ್ಯವಾಗಿ ಪರದೇಶಿಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿಯುವ ಜನರನ್ನು ಈ ಕೋಲು ಎರಡು ಹೆಜ್ಜೆ ಮುಂದೆ ತರುವುದು. ಅಷ್ಟಲ್ಲದೆ ಪರದೆಯಲ್ಲಿರುವ ಮಾತನ್ನು ಕೋಲಿನ ಒಡೆಯನು ತಡೆದು, “ಅದು ಹಾಗಲ್ಲ, ಈಗ ನನ್ನ ಅಭಿಪ್ರಾಯ ಬೇರೆ” ಎಂದು ತಿದ್ದಬಹುದು. ಅಧಿಕಾರಿಗಳ ಮುಂದೆ ಒಮ್ಮೆ ಹೇಳಿದ್ದನ್ನೇ ಬದಲಿಲ್ಲದೆ ಮತ್ತೆ ಮತ್ತೆ ಹೇಳಬೇಕಾದ ಬಾಳಿನಲ್ಲಿ, ತನ್ನ ಕಥೆಯನ್ನು ತಾನೇ ತಿದ್ದಿಕೊಳ್ಳುವ ಸ್ವಾತಂತ್ರ್ಯ ಸಣ್ಣದೇನಲ್ಲ.

ಅದೇ ವೊಡಿಚ್ಕೊ ಅವರು 2001ರಲ್ಲಿ ಮೆಕ್ಸಿಕೊದ ಗಡಿಪಟ್ಟಣವಾದ ತಿಹ್ವಾನಾದಲ್ಲಿ ಇದಕ್ಕೆ ವಿರುದ್ಧವಾದ ಉಪಾಯವನ್ನು ಮಾಡಿದರು. ಪರದೇಶದ ಕಂಪೆನಿಗಳಿಗಾಗಿ ಸಾಮಾನು ಜೋಡಿಸುವ ಕಾರ್ಖಾನೆಗಳು ಆ ಊರಿನಲ್ಲಿ ಬಹಳ. ಕೂಲಿಗಾಗಿ ದೂರದ ಪ್ರಾಂತಗಳಿಂದ ಬಂದ ಹೆಣ್ಣುಮಕ್ಕಳೂ ಬಹಳ. ಅಂಥ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ತಲೆಗೆ ಸಣ್ಣ ಕ್ಯಾಮರಾವನ್ನೂ ಮೈಕನ್ನೂ ಕಟ್ಟಿ, ಅವರ ಮುಖವನ್ನು ಊರಿನ ಸಾಂಸ್ಕೃತಿಕ ಕೇಂದ್ರದ ಗೋಳಾಕಾರದ ಭಾರೀ ಕಟ್ಟಡದ ಮೇಲೆ ಆ ಕ್ಷಣದಲ್ಲಿಯೇ ಬೆಳಗಿಸಿದರು. ಸುಮಾರು 60 ಅಡಿ ಅಗಲದ ಆ ಗೋಳವೇ ಒಂದು ಮುಖವಾಗಿ, ಚೌಕದಲ್ಲಿ ನೆರೆದ ಜನರೊಡನೆ ಮಾತನಾಡಿತು. ಕೆಲಸದೆಡೆಯ ಅನ್ಯಾಯ, ಪೊಲೀಸರ ದಬ್ಬಾಳಿಕೆ, ಮನೆಯೊಳಗಿನ ಹೊಡೆತ ಬಡಿತ ಇವುಗಳನ್ನು ಅವರು ಎಲ್ಲರೆದುರಿಗೆ ಹೇಳಿದರು. ಒಳಕೋಣೆಯಲ್ಲಿಯೂ ಆಡಲಾರದೆ ನುಂಗಿಕೊಂಡಿದ್ದ ಮಾತನ್ನು ಊರ ಚೌಕದಲ್ಲಿ ಆಡುವುದಕ್ಕೆ ಎಂತಹ ಧೈರ್ಯ ಬೇಕೆಂಬುದು ನಮ್ಮ ಗೃಹಿಣಿಯರಿಗೆ ವಿವರಿಸಬೇಕಾಗಿಲ್ಲ. ಪುಟ್ಟ ಕೋಲಿನ ಯಂತ್ರವು ಜನರನ್ನು ಹತ್ತಿರ ತಂದಿತು. ಈ ದೊಡ್ಡ ಯಂತ್ರವು ಯಾರೂ ಮುಖ ತಿರುಗಿಸದಂತೆ ಮಾಡಿತು. ಎರಡರಲ್ಲಿಯೂ ಮಾತು ಮಾತ್ರ ಆಡುವವರದೇ.

ಇಷ್ಟು ದೊಡ್ಡ ಸಲಕರಣೆಯಿಲ್ಲದೆಯೂ ಈ ಕೆಲಸ ನಡೆಯುತ್ತದೆಂಬುದಕ್ಕೆ ಬುಶ್ರಾ ಖಲೀಲಿ ಎಂಬವರ ಕೃತಿಯೇ ಸಾಕ್ಷಿ. ಮೊರಾಕೊದ ಕಾಸಾಬ್ಲಾಂಕಾದಲ್ಲಿ 1975ರಲ್ಲಿ ಹುಟ್ಟಿದ ಈಕೆ, ಕಾಗದಪತ್ರಗಳಿಲ್ಲದೆ ಗಡಿಗಳನ್ನು ದಾಟಬೇಕಾಗಿ ಬಂದ ಎಂಟು ಜನರನ್ನು 2008ರಿಂದ 2011ರ ವರೆಗೆ ಚಿತ್ರೀಕರಿಸಿದರು. ಚಿತ್ರದಲ್ಲಿ ಕಾಣುವುದು ಒಂದು ಭೂಪಟ, ಲೇಖನಿ ಹಿಡಿದ ಒಂದು ಕೈ, ಅಷ್ಟೆ, ಮುಖ ಕಾಣುವುದಿಲ್ಲ. ಕೈ ಗೆರೆ ಎಳೆಯುತ್ತದೆ, ಧ್ವನಿ ಕಥೆ ಹೇಳುತ್ತದೆ: ಇಲ್ಲಿಂದ ಇಲ್ಲಿಗೆ ಬಸ್ಸಿನಲ್ಲಿ, ಇಲ್ಲಿ ಹಿಡಿದರು, ಹಿಂದಕ್ಕೆ ಕಳುಹಿಸಿದರು, ಮತ್ತೆ ಬಂದೆ. ಒಂದು ಚಿತ್ರದಲ್ಲಿ ಪ್ಯಾಲೆಸ್ಟೀನಿನ ರಮಲ್ಲಾದ ತರುಣನೊಬ್ಬನು ಪೂರ್ವ ಜೆರೂಸಲೇಮಿನಲ್ಲಿರುವ ತನ್ನ ಮನದನ್ನೆಯನ್ನು ನೋಡಲು ಹೋಗುವ ದಾರಿಯನ್ನು ಬರೆದು ತೋರಿಸುವನು. ಆ ಎರಡು ಊರುಗಳಿಗೂ ಹೆಚ್ಚಿನ ದೂರವಿಲ್ಲ. ಆದರೆ ಅವನ ಗೆರೆ ಬೆಟ್ಟ ಬಳಸಿ, ತನಿಖೆಯ ಠಾಣೆಗಳನ್ನು ತಪ್ಪಿಸಿ, ಸುತ್ತಿ ಸುತ್ತಿ ಹೋಗುತ್ತದೆ. ಶಾಲೆಯ ಭೂಪಟದಲ್ಲಿ ಕಾಣದ ಭೂಗೋಳ ಆ ಗೆರೆಯಲ್ಲಿ ತಿಳಿಯುತ್ತದೆ. ಮುಂದೆ ಖಲೀಲಿಯವರು ಭೂಪಟಗಳನ್ನು ಅಳಿಸಿ, ಗೆರೆಗಳನ್ನು ಮಾತ್ರ ಉಳಿಸಿ, ನೀಲಿಯ ಮೇಲೆ ಬಿಳಿಯ ನಕ್ಷತ್ರಪುಂಜಗಳಂತೆ ಅಚ್ಚುಹಾಕಿಸಿದರು. ಆ ಎಂಟು ಚಿತ್ರಗಳು 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿಯೂ, ಮೇಲೆ ಹೇಳಿದ 2024ರ ವೆನಿಸ್ ಪ್ರದರ್ಶನದಲ್ಲಿಯೂ ಇದ್ದುವು.

ಮಾಸ್ ಅವರ ಚಿತ್ರದಲ್ಲಿಯೂ ಮುಖ ಸ್ಪಷ್ಟವಿಲ್ಲ, ಇಲ್ಲಿಯೂ ಮುಖವಿಲ್ಲ. ಆದರೆ ಎಷ್ಟು ವ್ಯತ್ಯಾಸ! ಅಲ್ಲಿ ಯಂತ್ರವು ಮುಖವನ್ನು ಅಳಿಸಿತು. ಇಲ್ಲಿ ಹೇಳುವವನ ಕ್ಷೇಮಕ್ಕಾಗಿ ಅದನ್ನು ಮರೆಮಾಡಿ, ಮಾತನ್ನು ಪೂರ್ತಿಯಾಗಿ ಅವನಿಗೇ ಬಿಟ್ಟುಕೊಟ್ಟರು.

ಯಂತ್ರವನ್ನೂ ಪರದೇಶಿಯ ಕೈಯಲ್ಲಿಯೇ ಬಿಟ್ಟರೆ ಏನಾಗುತ್ತದೆ? ಇದಕ್ಕೆ ಉತ್ತರ ನಮ್ಮ ದೇಶದವರಿಂದಲೇ ದೊರೆತಿದೆ. ಮುಂಬಯಿಯ ಶೈನಾ ಆನಂದ್, ಅಶೋಕ್ ಸುಕುಮಾರನ್ ಮೊದಲಾದವರು ಕಟ್ಟಿದ ‘ಕ್ಯಾಂಪ್’ ಎಂಬ ಕಲಾವಿದರ ಕೂಟವು ಶಾರ್ಜಾದ ಬಂದರಿನಲ್ಲಿ 2009ರ ಸುಮಾರಿಗೆ ಕೆಲಸ ಮಾಡುತ್ತಿದ್ದಾಗ ಕಚ್ಛದ ನಾವಿಕರ ಪರಿಚಯವಾಯಿತು. ಗುಜರಾತಿನ ಕಡಲತೀರದಲ್ಲಿ ಕಟ್ಟಿದ ಮರದ ಹಡಗುಗಳಲ್ಲಿ ಸೋಮಾಲಿಯಾದವರೆಗೆ ಸರಕು ಸಾಗಿಸುವವರು ಇವರು. ದೊಡ್ಡ ಕಂಪೆನಿಗಳ ಉಕ್ಕಿನ ಹಡಗುಗಳು ಹೋಗಲು ಹಿಂಜರಿಯುವ ರೇವುಗಳಿಗೂ ಇವರ ಮರದ ಹಡಗುಗಳು ಹೋಗುವುವು. ತಿಂಗಳುಗಟ್ಟಲೆ ನೀರಿನ ಮೇಲಿರುವ ಈ ನಾವಿಕರು ತಮ್ಮ ಮೊಬೈಲ್ ಫೋನುಗಳಲ್ಲಿ ಕಡಲನ್ನು, ಅಡಿಗೆಯನ್ನು, ಸರಕನ್ನು, ಒಬ್ಬರನ್ನೊಬ್ಬರು ಚಿತ್ರಿಸಿ, ತಮಗೆ ಪ್ರಿಯವಾದ ಹಾಡುಗಳನ್ನು ಆ ಚಿತ್ರಗಳಿಗೆ ಜೋಡಿಸಿ, ಹಡಗಿನಿಂದ ಹಡಗಿಗೆ ಹಂಚಿಕೊಳ್ಳುತ್ತಿದ್ದರು. ಇಂಥ ತುಣುಕುಗಳನ್ನು ಕೂಡಿಸಿ 2013ರಲ್ಲಿ ಸುಮಾರು 83 ನಿಮಿಷಗಳ ಒಂದು ಚಲನಚಿತ್ರವಾಯಿತು. ಕಚ್ಛದ ಕೊಲ್ಲಿ, ಪರ್ಷಿಯಾದ ಕೊಲ್ಲಿ, ಏಡನ್ನಿನ ಕೊಲ್ಲಿ ಈ ಮೂರನ್ನೂ ನೆನಪಿಸುವಂತೆ ‘ಕೊಲ್ಲಿಯಿಂದ ಕೊಲ್ಲಿಗೆ ಕೊಲ್ಲಿಗೆ’ ಎಂದು ಅದರ ಹೆಸರು.

ಈ ಚಿತ್ರದಲ್ಲಿ ನಾವಿಕರು ತಮ್ಮ ಕಷ್ಟವನ್ನು ಹೇಳಿಕೊಂಡು ಅಳುವುದಿಲ್ಲ. ನಗುವರು, ಕೆಲಸ ಮಾಡುವರು, ಸುಮ್ಮನೆ ಅಲೆಯನ್ನು ನೋಡುವರು. ಹೊರಗಿನವರು ಕ್ಯಾಮರಾ ಹಿಡಿದರೆ ಪರದೇಶಿಯಲ್ಲಿ ದುಃಖವನ್ನೇ ಹುಡುಕುವರು. ಪರದೇಶಿ ತಾನೇ ಹಿಡಿದರೆ ಗೆಳೆಯನ ಕುಣಿತವೂ ಕಡಲ ಮೇಲಣ ಸಂಜೆಯೂ ಬರುತ್ತವೆ. ಕರುಣೆಯಿಂದ ನೋಡುವ ಕಣ್ಣಿಗೆ ಅವನ ಅರ್ಧ ಬಾಳು ಮಾತ್ರ ಕಾಣುವುದೆಂಬ ಮಾತನ್ನು ನಾವು ಈ ಚಿತ್ರದಿಂದ ಕಲಿಯಬೇಕಾಗಿದೆ.

“ಊರಿಗೆ ಬಂದವಳು ನೀರಿಗೆ ಬಾರದಿರುವಳೆ” ಎಂಬ ನಮ್ಮ ಗಾದೆ ಎಲ್ಲರಿಗೂ ಗೊತ್ತು. ಹೊಸದಾಗಿ ಬಂದವಳು ಇಂದಲ್ಲ ನಾಳೆ ಬಾವಿಯ ಬಳಿ ಸಿಕ್ಕಿಯೇ ಸಿಕ್ಕುವಳು, ಅಲ್ಲಿ ಪರಿಚಯವಾಗುವುದೆಂಬ ನಂಬಿಕೆ ಅದರಲ್ಲಿದೆ. ಆದರೆ ಊರನ್ನು ಸೇರುವ ಮೊದಲೇ ನೀರಿಲ್ಲದೆ ಸತ್ತವರ ಪಾಡೇನು? ಮೆಕ್ಸಿಕೊದಿಂದ ಅಮೆರಿಕಕ್ಕೆ ಹೋಗುವ ಮರುಭೂಮಿಯ ದಾರಿಯಲ್ಲಿ ಹೀಗೆ ಮಡಿದವರು ಅನೇಕರು. ಕೆಲವು ದಯಾಳುಗಳು ಅಲ್ಲಲ್ಲಿ ನೀರಿನ ಪಾತ್ರೆಗಳನ್ನು ಇರಿಸುವ ಪದ್ಧತಿಯುಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯಲ್ಲಿದ್ದ ರಿಕಾರ್ಡೊ ಡೊಮಿಂಗೆಸ್ ಎಂಬ ಕಲಾವಿದರೂ ಅವರ ಸಂಗಡಿಗರೂ 2007ರಿಂದ ಒಂದು ಅಗ್ಗದ ಮೊಬೈಲ್ ಫೋನಿನಲ್ಲಿ, ಆಕಾಶದ ಉಪಗ್ರಹಗಳ ಸಹಾಯದಿಂದ ಆ ನೀರಿನ ತಾಣಗಳ ದಿಕ್ಕು ತೋರಿಸುವ ಉಪಾಯವನ್ನು ಸಿದ್ಧಪಡಿಸತೊಡಗಿದರು. ಏಮಿ ಸಾರಾ ಕ್ಯಾರೊಲ್ ಎಂಬ ಕವಯಿತ್ರಿ ಅದಕ್ಕಾಗಿ ಮರುಭೂಮಿಯಲ್ಲಿ ಬದುಕುವ ಉಪಾಯಗಳನ್ನು ಹೇಳುವ ಕವಿತೆಗಳನ್ನು ಬರೆದರು. ಇದು ಗಡಿಯ ಕಾನೂನಿಗೆ ವಿರೋಧವೆಂದು ಗದ್ದಲವೆದ್ದು, 2010ರಲ್ಲಿ ವಿಚಾರಣೆಯೂ ನಡೆಯಿತು. ಕಾನೂನಿನ ವಾದಗಳು ಏನೇ ಇರಲಿ, ಬಾಯಾರಿದವನಿಗೆ ನೀರಿನ ದಿಕ್ಕು ತೋರಿಸುವುದು ತಪ್ಪೇ ಎಂಬ ಪ್ರಶ್ನೆಯನ್ನು ಆ ಪುಟ್ಟ ಫೋನು ಒಂದು ರಾಜ್ಯದ ಮುಂದಿಟ್ಟಿತು. ಅರವಟ್ಟಿಗೆಗಳನ್ನು ಕಟ್ಟಿಸುವುದು ಪುಣ್ಯವೆಂದು ತಿಳಿದ ನಾಡಿನವರಾದ ನಾವು ಅದಕ್ಕೆ ಏನು ಉತ್ತರ ಹೇಳುವೆವು?

ಇದೇ ಗಡಿಯ ಮತ್ತೊಂದೆಡೆಯಲ್ಲಿ ನಡೆದುದನ್ನೂ ಹೇಳಬೇಕು. ಅಮೆರಿಕದ ಎಲ್ ಪಾಸೊ, ಮೆಕ್ಸಿಕೊದ ಸಿಯುದಾದ್ ಹ್ವಾರೆಸ್ ಇವು ಒಂದು ಹೊಳೆಯ ಎರಡು ದಡಗಳಲ್ಲಿರುವ ಊರುಗಳು. ಹೊಳೆಯು ಪಾತ್ರ ಬದಲಿಸಿದುದರಿಂದ ಚಮಿಸಾಲ್ ಎಂಬ ನೆಲ ಯಾರದೆಂದು ಬಹುಕಾಲ ವ್ಯಾಜ್ಯವಿದ್ದು 1963ರ ಒಪ್ಪಂದದಿಂದ ಬಗೆಹರಿಯಿತು. 2019ರ ಆಗಸ್ಟ್ ತಿಂಗಳಿನಲ್ಲಿ ಮೆಕ್ಸಿಕೊ ಮೂಲದವರ ಮೇಲಣ ದ್ವೇಷದಿಂದ ಒಬ್ಬನು ಎಲ್ ಪಾಸೊದ ಅಂಗಡಿಯೊಂದರಲ್ಲಿ ಗುಂಡು ಹಾರಿಸಿದನು. ಅದರಿಂದ 23 ಜನ ಸತ್ತರು. ಅದೇ ವರ್ಷದ ನವೆಂಬರಿನಲ್ಲಿ ಮೆಕ್ಸಿಕೊ ಸಂಜಾತರಾದ ರಫಾಯೆಲ್ ಲೊಸಾನೊ-ಹೆಮ್ಮರ್ ಎಂಬ ಕಲಾವಿದರು ಎರಡು ದಡಗಳಲ್ಲಿಯೂ ಆಕಾಶಕ್ಕೆ ಬೆಳಕಿನ ಕಂಬ ಚಾಚುವ ಭಾರೀ ದೀಪಗಳನ್ನು ನಿಲ್ಲಿಸಿದರು. ತಿರುಗಣೆಯನ್ನು ತಿರುಗಿಸಿ ಯಾರು ಬೇಕಾದರೂ ದೀಪದ ದಿಕ್ಕನ್ನು ಬದಲಿಸಬಹುದು. ಈ ದಡದ ಬೆಳಕು ಆ ದಡದ ಬೆಳಕನ್ನು ಆಕಾಶದಲ್ಲಿ ಸಂಧಿಸಿದೊಡನೆ ಇಬ್ಬರ ನಡುವೆ ಮೈಕು, ಧ್ವನಿವರ್ಧಕಗಳು ತೆರೆದು ಮಾತು ಸಾಗುವುದು. ಮಾತಿನ ಏರಿಳಿತದೊಡನೆ ಬೆಳಕೂ ಮಿನುಗುವುದು. ರಾತ್ರಿಯ ಹೊತ್ತು ಗಡಿಯಲ್ಲಿ ತಲೆಮರೆಸಿದವರನ್ನು ಹುಡುಕಲು ಬಳಸುವ ಜಾತಿಯ ದೀಪ, ಹನ್ನೆರಡು ರಾತ್ರಿಗಳ ಮಟ್ಟಿಗೆ, ಮಾತಿಗಾಗಿ ಇನ್ನೊಬ್ಬರನ್ನು ಹುಡುಕಿತು.

ಇಂಥ ಕೃತಿಗಳಿಂದ ಫಲವೇನು, ಗಡಿಯ ಕಾನೂನುಗಳು ಇದರಿಂದ ಸಡಿಲವಾದವೇ ಎಂದು ಲೌಕಿಕರು ಕೇಳುವರು. ಸಡಿಲವಾಗಲಿಲ್ಲ. ದೀಪಗಳನ್ನು ಕಳಚಿದ ಮೇಲೆ ಹೊಳೆಯ ಬೇಲಿ ಹಾಗೆಯೇ ಇದ್ದಿತು. ಕಲೆಯು ಕಾನೂನು ಮಾಡಲಾರದು. ಆದರೆ ಕಾನೂನು ಮಾಡುವವರೂ ಅವರನ್ನು ಆರಿಸುವವರೂ ಪರದೇಶಿಯನ್ನು ಒಂದು ಸಂಖ್ಯೆಯೆಂದು ಬಗೆಯುವರೋ, ಒಬ್ಬ ಮನುಷ್ಯನೆಂದು ಬಗೆಯುವರೋ ಎಂಬುದು ಅವರು ಅವನ ಮಾತನ್ನು ಎಂದಾದರೂ ಕೇಳಿರುವರೇ ಎಂಬುದನ್ನು ಅವಲಂಬಿಸಿದೆ.

2020ರ ಬೇಸಿಗೆಯನ್ನು ವಾಚಕರು ಮರೆತಿರಲಾರರು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕೂಲಿಯವರು ಗಂಟು ಮೂಟೆ ಹೊತ್ತು, ಮಕ್ಕಳನ್ನು ಹೆಗಲಿಗೇರಿಸಿ, ನೂರಾರು ಮೈಲಿ ನಡೆದರು. ನಾವೆಲ್ಲ ಮನೆಯೊಳಗೆ ಕುಳಿತು ಫೋನಿನ ಪರದೆಯಲ್ಲಿ ಅವರನ್ನು ನೋಡಿದೆವು. ಮೇ 8ರಂದು, ಆಗ ಔರಂಗಾಬಾದೆಂದು ಕರೆಯುತ್ತಿದ್ದ ಊರಿನ ಬಳಿ, ದಣಿದು ರೈಲುಹಳಿಯ ಮೇಲೆ ಮಲಗಿದ್ದ 16 ಜನ ಕಾರ್ಮಿಕರ ಮೇಲೆ ಸರಕಿನ ಗಾಡಿ ಹರಿಯಿತು. ಹಳಿಯ ನಡುವೆ ಚೆಲ್ಲಿದ್ದ ಅವರ ರೊಟ್ಟಿಗಳ ಚಿತ್ರವನ್ನು ಕಂಡು ಮರುಗದವರಿಲ್ಲ. ಆ ರೊಟ್ಟಿಗಳು ಇಂದಿಗೂ ನಮ್ಮ ಕಣ್ಣ ಮುಂದಿವೆ. ಆ 16 ಜನರಲ್ಲಿ ಒಬ್ಬನ ಹೆಸರಾದರೂ ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಯಂತ್ರವು ತೋರಿಸಿತು, ನಾವು ನೋಡಿದೆವು, ಮರುಗಿದೆವು; ಕೇಳಲು ಮಾತ್ರ ಯಾರೂ ಉಳಿದಿರಲಿಲ್ಲ.

ಈಗ ದೊಡ್ಡ ಊರುಗಳ ಅನೇಕ ವಸತಿ ಸಮುಚ್ಚಯಗಳಲ್ಲಿ ಮನೆಗೆಲಸಕ್ಕೆ ಬರುವವಳ ಭಾವಚಿತ್ರ, ಅವಳು ಬಂದ ವೇಳೆ, ಹೋದ ವೇಳೆ ಎಲ್ಲವೂ ಯಜಮಾನರ ಫೋನಿನಲ್ಲಿ ದಾಖಲಾಗುತ್ತವೆ. ಅವಳು ಬಾಗಿಲು ದಾಟಿದ ನಿಮಿಷ ನಮಗೆ ಗೊತ್ತು. ಅವಳು ಯಾವ ಊರಿನಿಂದ, ಯಾವ ದಾರಿಯಿಂದ, ಯಾವ ಬರಗಾಲಕ್ಕೆ ಗುಳೆ ಹೊರಟು ನಮ್ಮ ಬಾಗಿಲಿಗೆ ಬಂದಳೆಂಬುದು ಗೊತ್ತಿಲ್ಲ. ನಮ್ಮ ಮನೆಯ ಹೆಬ್ಬಾಗಿಲೂ ಒಂದು ಗಡಿಯೇ, ಅಲ್ಲಿಯ ಕ್ಯಾಮರಾವೂ ಗಡಿಯ ಕ್ಯಾಮರಾವೇ ಎಂದರೆ ವಾಚಕರು ಕೋಪಿಸಿಕೊಳ್ಳಬಾರದು.

ಆದುದರಿಂದ ಮನೆಮಂದಿಗೆ ಒಂದು ಸಣ್ಣ ಸೂಚನೆಯನ್ನಿತ್ತು ಈ ಲೇಖನವನ್ನು ಮುಗಿಸುವೆವು. ಖಲೀಲಿಯವರ ಉಪಾಯಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಬಿಡುವಿನ ಒಂದು ಸಂಜೆ ಮಕ್ಕಳ ಶಾಲೆಯ ಭೂಪಟವನ್ನು ಚಾಪೆಯ ಮೇಲೆ ಹರಡಿ, ಒಂದು ಸೀಸದ ಕಡ್ಡಿಯನ್ನು ಮೊದಲು ಅಜ್ಜಿಯ ಕೈಗೆ ಕೊಡಬೇಕು; ಬಳಿಕ ಸೊಸೆಯ ಕೈಗೆ. ಹುಟ್ಟಿದ ಊರಿನಿಂದ ಈ ಮನೆಯವರೆಗಿನ ದಾರಿಯನ್ನು ಅವರೇ ಬರೆಯಲಿ, ಅವರೇ ಹೇಳಲಿ. ಮನೆಗೆಲಸದವರಿಗೂ ಕಾವಲಿನವನಿಗೂ ಮನಸ್ಸಿದ್ದರೆ, ಬಿಡುವಿದ್ದರೆ, ಅವರೂ ಬರೆಯಲಿ; ಒಲ್ಲೆನೆಂದರೆ ಬಲವಂತ ಕೂಡದು. ಫೋನಿನಲ್ಲಿ ಧ್ವನಿ ಹಿಡಿದಿಡಬೇಕೆನಿಸಿದರೆ ಅವರ ಒಪ್ಪಿಗೆ ಕೇಳಿ ಹಿಡಿದಿಡಬಹುದು. ಅದನ್ನು ಹೊರಗಿನವರಿಗೆ ಕಳುಹಿಸಲು ಅವರ ಅನುಮತಿಯನ್ನು ಬೇರೆಯಾಗಿಯೇ ಕೇಳಬೇಕು. ಅವರು ಹೇಳುವಾಗ ನಡುವೆ ಬಾಯಿ ಹಾಕಬಾರದು. “ಅಯ್ಯೋ ಪಾಪ” ಎನ್ನಬಾರದು. ಊರಿನ ಹೆಸರು ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ, ಅವರು ಹೇಳುವಂತೆಯೇ ಹೇಳಲು ಕಲಿಯಬೇಕು. ಮಕ್ಕಳು ಪಕ್ಕದಲ್ಲಿ ಕುಳಿತಿರಲಿ. ಆ ಭೂಪಟದ ಮೇಲೆ ಎಷ್ಟು ಗೆರೆಗಳು ಎಲ್ಲೆಲ್ಲಿಂದ ಬಂದು ತಮ್ಮ ಮನೆಯಲ್ಲಿ ಕೂಡಿದುವೆಂಬುದನ್ನು ಅವರು ಎಣಿಸಿ ನೋಡಲಿ.